ಗುಜರಿಯವರು ಬೇಡ ಎಂದದ್ದು

ಮೈಸೂರಿನ ಬಡಾವಣೆಗಳಲ್ಲಿ ತಳ್ಳುಗಾಡಿಯ ಗುಜರಿಯವರು ಮನೆ ಮುಂದೆ ನಿಂತು ಚೀಲ ಬಿಚ್ಚುವಾಗ ಅವರ ಕೈಯನ್ನು ಗಮನಿಸಬೇಕು. ನೀರಿನ ಬಾಟಲಿ, ಎಣ್ಣೆ ಕ್ಯಾನು, ಒಡೆದ ಬಕೆಟ್ಟು, ತೊಳೆದು ಒಣಗಿಸಿದ ಹಾಲಿನ ಕವರು ಸರಸರನೆ ತಕ್ಕಡಿಯ ಕಡೆ ಹೋಗುತ್ತವೆ. ಚಿಪ್ಸ್ ಪ್ಯಾಕೆಟ್ಟು, ಬಿಸ್ಕತ್ತಿನ ಹೊದಿಕೆ, ಅದರೊಳಗಿನ ತೆಳ್ಳನೆಯ ಟ್ರೇ, ಶಾಂಪೂ ಸ್ಯಾಶೆ, ಪಾರ್ಸೆಲ್ ಪೆಟ್ಟಿಗೆಗೆ ಬಿಗಿದು ಬಂದ ಪಟ್ಟಿ ಇವೆಲ್ಲ ಗೇಟಿನ ಬುಡದಲ್ಲೇ ಉಳಿಯುತ್ತವೆ. ಯಾವುದಕ್ಕೆ ಮುಂದೆ ಕೊಳ್ಳುವವರಿದ್ದಾರೆ, ಯಾವುದಕ್ಕೆ ಇಲ್ಲ ಎಂಬುದು ಅವರ ಬೆರಳಿಗೇ ಗೊತ್ತಿದೆ.

ಪ್ಲಾಸ್ಟಿಕ್ ಕಸದಿಂದ ಮನೆಗೆ ಬೇಕಾದ್ದನ್ನು ಮಾಡಿಕೊಳ್ಳುವ ಕೆಲಸ ಶುರುವಾಗಬೇಕಾದ್ದು ಗೇಟಿನ ಬುಡದಲ್ಲಿ ಉಳಿದ ಆ ರಾಶಿಯಿಂದ. ತಕ್ಕಡಿಗೆ ಹೋದ ಬಾಟಲಿಗೆ ದಾರಿ ಇದ್ದೇ ಇದೆ. ಅದು ಚೂರಾಗಿ, ಕರಗಿ, ಪಾಲಿಯೆಸ್ಟರ್ ನೂಲಾಗಿಯೋ ಪಟ್ಟಿಯಾಗಿಯೋ ಮತ್ತೆ ಬಳಕೆಗೆ ಬರುತ್ತದೆ. ಅದೇ ಬಾಟಲಿಗೆ ಬಣ್ಣ ಬಳಿದು, ಮಿರುಗುವ ಪುಡಿ ಅಂಟಿಸಿ ಹೂದಾನಿ ಮಾಡಿಟ್ಟರೆ, ಧೂಳು ಹಿಡಿದು ಬೇಸರವಾದ ದಿನ ಅದು ಕಸಕ್ಕೆ ಹೋಗುತ್ತದೆ. ಬಣ್ಣ, ಗೋಂದು ಮೆತ್ತಿದ ಬಾಟಲಿಯನ್ನು ಆಗ ಗುಜರಿಯವರೂ ಮುಟ್ಟುವುದಿಲ್ಲ. ದಾರಿ ಇದ್ದ ವಸ್ತುವಿನ ದಾರಿಯನ್ನು ನಾವೇ ಮುಚ್ಚಿದಂತಾಯಿತು.

ಹಾಗಾಗಿ ಇಲ್ಲಿ ಹೇಳುವ ಕೆಲಸಗಳಿಗೆಲ್ಲ ಎರಡು ಕಟ್ಟುಪಾಡು. ಮಾಡಿದ ವಸ್ತು, ಹೇಗೂ ಅಂಗಡಿಯಿಂದ ತರುತ್ತಿದ್ದ ಏನಾದರೊಂದರ ಜಾಗವನ್ನು ತುಂಬಬೇಕು. ಎರಡನೆಯದು, ಗೋಂದು ಬಣ್ಣ ಇಲ್ಲದೆ, ಹೆಣೆದು, ಹೊಲಿದು, ಕಟ್ಟಿ, ಸಿಕ್ಕಿಸಿಯೇ ಮಾಡಬೇಕು. ಬೇಡವಾದ ದಿನ ಬಿಚ್ಚಿ ಬೇರೆ ಬೇರೆ ಮಾಡಲು ಬರಬೇಕು.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ಎಲ್ಲರೂ ಮಾತನಾಡಿದ್ದು ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಜಾಗಗಳ ಬಗ್ಗೆ. ಅಂಥ ಘಟಕಗಳಲ್ಲಿ ಕಸವನ್ನು ಬೇರ್ಪಡಿಸುವುದು ಮನುಷ್ಯರ ಕೈ. ಮೊಸರು ಹುಳಿತ ಕವರು, ಸಾರು ಮೆತ್ತಿದ ಡಬ್ಬಿ ಆ ಕೈಗಳಿಗೇ ಸಿಗುತ್ತವೆ. ಮನೆಯಲ್ಲಿ ಏನನ್ನೂ ಮಾಡದಿದ್ದರೂ ತೊಳೆದು ಒಣಗಿಸಿ ಕೊಡುವುದೊಂದನ್ನು ಮಾಡಿದರೆ ದೊಡ್ಡ ಉಪಕಾರ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಹಾಲು, ಮೊಸರಿನ ಕವರಿಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಹಾಲಿನ ಅಂಶ ಹೆಪ್ಪುಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎಷ್ಟು ತಿಕ್ಕಿದರೂ ವಾಸನೆ ಬಿಡುವುದಿಲ್ಲ. ಎಣ್ಣೆ, ಚಿಪ್ಸ್ ಪ್ಯಾಕೆಟ್ಟಿಗೆ ಇದರ ಉಲ್ಟಾ, ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪು. ಒಳಮೈ ಹೊರಕ್ಕೆ ಮಾಡಿ ನೆರಳಿನಲ್ಲಿ ತೂಗುಹಾಕಿ. ಹಾಲಿನ ಕವರಿನ ಮೂಲೆ ಕತ್ತರಿಸುವಾಗ ಆ ಚಿಕ್ಕ ತ್ರಿಕೋನವನ್ನು ಪೂರ್ತಿ ಬೇರ್ಪಡಿಸಬೇಡಿ, ಅಂಚಿಗೆ ಅಂಟಿಕೊಂಡೇ ಇರಲಿ. ಬಿಡಿ ತುಣುಕು ಯಾರ ಕೈಗೂ ಸಿಗದೆ ಸೀದಾ ಮೋರಿಗೆ ಹೋಗುತ್ತದೆ.

ಯಾವುದು ಯಾವ ಪ್ಲಾಸ್ಟಿಕ್ ಎಂದು ತಿಳಿಯದೆ ಕತ್ತರಿ ಹಿಡಿಯಬಾರದು. ಬುಡದಲ್ಲಿ ತ್ರಿಕೋನದೊಳಗಿನ ಅಂಕಿ ನೋಡಿ. 1 ಎಂದರೆ ಪೆಟ್, ನೀರು ಮತ್ತು ತಂಪು ಪಾನೀಯದ ಬಾಟಲಿ. 2 ಎಚ್‌ಡಿಪಿಇ, ಶಾಂಪೂ ಬಾಟಲಿ, ಫಿನಾಯಿಲ್ ಕ್ಯಾನು, ಬಹಳಷ್ಟು ಬಾಟಲಿ ಮುಚ್ಚಳ. 3 ಪಿವಿಸಿ. 4 ಎಲ್‌ಡಿಪಿಇ, ಹಾಲಿನ ಕವರಿನ ಜಾತಿ. 5 ಪಿಪಿ, ಗೊಬ್ಬರದ ಚೀಲ, ಪ್ಯಾಕಿಂಗ್ ಪಟ್ಟಿ, ಊಟದ ಪಾರ್ಸೆಲ್ ಡಬ್ಬಿ. 6 ಪಾಲಿಸ್ಟೈರೀನ್, ಥರ್ಮಾಕೋಲ್ ಇದೇ. 7 ಉಳಿದದ್ದೆಲ್ಲ, ಪದರದ ಮೇಲೆ ಪದರ ಅಂಟಿಸಿದ ಪ್ಯಾಕೆಟ್ಟುಗಳೂ ಸೇರಿ. ಅಂಕಿ ಇಲ್ಲದಿದ್ದರೆ ಉಗುರಗಲದ ತುಂಡನ್ನು ಒಂದು ಹನಿ ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ ಬಿಡಿ. ಸೋಪು ಯಾಕೆಂದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗಬೇಕಾದ್ದೂ ತೇಲಿ ಮೋಸ ಮಾಡುತ್ತದೆ. 2, 4, 5 ನೀರಿಗಿಂತ ಹಗುರ, ತೇಲುತ್ತವೆ. 1, 3, 6 ಮುಳುಗುತ್ತವೆ. ಥರ್ಮಾಕೋಲ್ ಮಾತ್ರ ಒಳಗೆ ಗಾಳಿ ತುಂಬಿಕೊಂಡಿರುವುದರಿಂದ ತೇಲುತ್ತದೆ. ತೇಲಿದ ಗಟ್ಟಿ ತುಂಡನ್ನು ಉಗುರಿನಿಂದ ಗೀರಿ: ಮೇಣದಂತೆ ಗೀರು ಬಿದ್ದರೆ ಹೆಚ್ಚಾಗಿ ಎಚ್‌ಡಿಪಿಇ, ಉಗುರು ಜಾರಿದರೆ ಪಿಪಿ. ಸುಟ್ಟು ನೋಡುವ ಅಭ್ಯಾಸ ಬೇಡವೇ ಬೇಡ. ಪಿವಿಸಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಮೂರನ್ನೂ ಅದು ಕೆಡಿಸುತ್ತದೆ.

ಮೊದಲ ಕೆಲಸವಾಗಿ ಬುಟ್ಟಿ ಹಿಡಿಯುವುದು ಒಳ್ಳೆಯದು. ಗುಜರಿಯವರು ಬಿಟ್ಟು ಹೋದ ಎರಡು ವಸ್ತುಗಳು, ಪ್ಯಾಕಿಂಗ್ ಪಟ್ಟಿ ಮತ್ತು ಚಿಪ್ಸ್ ಪ್ಯಾಕೆಟ್ಟು, ಇದರಲ್ಲಿ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಪಟ್ಟಿ ಬುಟ್ಟಿಯ ಎಲುಬು, ಪ್ಯಾಕೆಟ್ಟು ಅದರ ಹೆಣಿಗೆ. ಸಂತೇಪೇಟೆಯಂಥ ಸಗಟು ಬೀದಿಯಲ್ಲಿ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಹೋದರೆ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಸಾಮಾನ್ಯವಾಗಿ 12 ಮಿಲಿಮೀಟರ್ ಅಗಲ. ಪಟ್ಟಿ ಕತ್ತರಿಸಿಕೊಡುವವರಿಗೆ ಅದರ ಎರಡು ತುದಿ ಬೆಸೆದಿರುವ ಜಾಗದಲ್ಲಿ ಕತ್ತರಿಸಲು ಹೇಳಿ, ನಡುವೆ ತುಂಡರಿಸಿದರೆ ಉದ್ದ ಸಾಲುವುದಿಲ್ಲ.

20 ಸೆಂಟಿಮೀಟರ್ ಚೌಕದ ತಳ, 20 ಸೆಂಟಿಮೀಟರ್ ಎತ್ತರದ ಬುಟ್ಟಿಗೆ 80 ಸೆಂಟಿಮೀಟರ್ ಉದ್ದದ 32 ಪಟ್ಟಿ ಬೇಕು. ತಳಕ್ಕೆ 20, ಎರಡು ಬದಿಗೆ 40, ಮೇಲೆ ಮಡಿಸಿ ಸಿಕ್ಕಿಸಲು ಎರಡೂ ತುದಿಗೆ ಹತ್ತು ಹತ್ತು. ಹದಿನಾರು ಪಟ್ಟಿ ಉದ್ದಕ್ಕೆ ಹಾಸಿ, ಇನ್ನು ಹದಿನಾರನ್ನು ಅಡ್ಡಕ್ಕೆ ಒಂದರ ಮೇಲೆ ಒಂದರ ಕೆಳಗೆ ತೂರಿಸಿ. ನಡುವಿನಿಂದ ಶುರುಮಾಡಿ ಅಂಚಿನ ಕಡೆ ಹೋಗಬೇಕು. ಅಂಚಿನಿಂದ ಶುರುಮಾಡಿದರೆ ಕೊನೆಯಲ್ಲಿ ಒಂದು ಮಗ್ಗುಲು ಉದ್ದ, ಒಂದು ಮಗ್ಗುಲು ಮೋಟು ಆಗುತ್ತದೆ. ತಳ ಬಿಗಿದ ಮೇಲೆ ನಾಲ್ಕು ಬದಿಗೂ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಪಟ್ಟಿಗಳನ್ನು ಮೇಲಕ್ಕೆ ಮಡಿಸಿ. ಈ ಮಡಿಕೆ ಮೊನಚಾಗಿ ಬೀಳದಿದ್ದರೆ ಬುಟ್ಟಿ ಹೊಟ್ಟೆ ಉಬ್ಬಿದ ಮಡಕೆಯಂತಾಗಿ ನಿಲ್ಲುವುದೇ ಇಲ್ಲ.

ಇನ್ನು ಹೆಣಿಗೆ. ತೊಳೆದ ಪ್ಯಾಕೆಟ್ಟಿನ ಬೆನ್ನಿನ ಅಂಟು ಬಿಡಿಸಿ ಹಾಳೆಯಂತೆ ಹಾಸಿ. 4 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಎರಡೂ ಅಂಚನ್ನು ನಡುವಿನ ಗೆರೆಗೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ 1 ಸೆಂಟಿಮೀಟರ್ ಅಗಲದ ನಾಲ್ಕು ಪದರದ ಪಟ್ಟಿ ಸಿಗುತ್ತದೆ. ಒಂದೇ ಪದರವನ್ನು ಎಳೆದರೆ ಕತ್ತರಿ ಬಿದ್ದ ಕಡೆಯಿಂದ ಸೀಳಿಕೊಂಡು ಹೋಗುತ್ತದೆ. ಮಡಿಕೆಯಲ್ಲಿ ಕತ್ತರಿಸಿದ ಅಂಚು ಒಳಗೆ ಸೇರುವುದರಿಂದ ಸೀಳುವುದಕ್ಕೆ ಜಾಗವೇ ಇರುವುದಿಲ್ಲ, ಇದರ ಗಟ್ಟಿತನದ ಗುಟ್ಟು ಅಷ್ಟೇ. ಚಿಕ್ಕ ಪ್ಯಾಕೆಟ್ಟಿನಿಂದ 20 ಸೆಂಟಿಮೀಟರಿನ ಆರೇಳು ತುಂಡು ಬರುತ್ತವೆ. ಒಂದರ ತುದಿಯನ್ನು ಇನ್ನೊಂದರ ಮಡಿಕೆಯೊಳಗೆ 3 ಸೆಂಟಿಮೀಟರ್ ತೂರಿಸಿ ಉದ್ದ ಮಾಡಿಕೊಳ್ಳಿ, ಆ ಜೋಡಣೆ ಯಾವಾಗಲೂ ನಿಂತ ಪಟ್ಟಿಯ ಹಿಂದೆ ಬರುವಂತೆ ನೋಡಿಕೊಳ್ಳಿ. ಬುಟ್ಟಿಯ ಸುತ್ತಳತೆ 80 ಸೆಂಟಿಮೀಟರ್, ಒಂದು ಸುತ್ತಿಗೆ ಹತ್ತು ಹೆಚ್ಚಿಗೆ ಇಟ್ಟುಕೊಂಡು 90. ಇಪ್ಪತ್ತು ಸುತ್ತಿಗೆ ಹದಿನೈದು ಹದಿನೆಂಟು ಪ್ಯಾಕೆಟ್ಟು ಸಾಕು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ನಿಂತ ಪಟ್ಟಿಗಳು 64, ಸಮಸಂಖ್ಯೆ. ಹೆಣಿಗೆಯನ್ನು ನಿಲ್ಲಿಸದೆ ಸುತ್ತುತ್ತಾ ಹೋದರೆ ಎರಡನೇ ಸುತ್ತು ಮೊದಲನೆಯದರ ತದ್ರೂಪವೇ ಆಗಿ, ಮೇಲೆ ಬಂದದ್ದೇ ಮೇಲೆ ಬಂದು, ಹೆಣಿಗೆ ಹಿಡಿಯುವುದಿಲ್ಲ. ಪ್ರತಿ ಸುತ್ತನ್ನೂ ಅಲ್ಲಲ್ಲಿಗೆ ಮುಗಿಸಿ, ಮುಂದಿನದನ್ನು ಒಂದು ಪಟ್ಟಿ ಬಿಟ್ಟು ಶುರುಮಾಡಬೇಕು. ಶುರುವಿನ ಜಾಗವನ್ನು ಪ್ರತಿ ಸಲ ಬೇರೆ ಬದಿಗೆ ಸರಿಸಿ, ಇಲ್ಲದಿದ್ದರೆ ಜೋಡಣೆಗಳೆಲ್ಲ ಒಂದೇ ಮೂಲೆಯಲ್ಲಿ ಸೇರಿ ಅಲ್ಲಿ ಗಂಟಾಗುತ್ತದೆ. ಮೇಲೆ ಉಳಿದ ಹತ್ತು ಸೆಂಟಿಮೀಟರ್ ತುದಿಗಳನ್ನು ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಮಡಚಿ ಮೂರು ಸುತ್ತು ಕೆಳಗಿನ ತನಕ ತೂರಿಸಿ. ಈ ಬುಟ್ಟಿ ಈರುಳ್ಳಿ, ಬೆಳ್ಳುಳ್ಳಿ, ಒಗೆಯುವ ಬಟ್ಟೆಯ ಕ್ಲಿಪ್ಪುಗಳಿಗೆ ಹೇಳಿ ಮಾಡಿಸಿದ್ದು, ಗಾಳಿಯೂ ಆಡುತ್ತದೆ. ತೊಳೆಯಬಹುದು, ಬೇಡವಾದ ದಿನ ಪೂರ್ತಿ ಬಿಚ್ಚಬಹುದು.

ಮಂಡ್ಯದ ಕಡೆ ಬಂದರೆ ಮನೆಮನೆಯ ಪ್ಲಾಸ್ಟಿಕ್ ಎಂದರೆ ಚೀಲ. 45 ಕಿಲೋ ಯೂರಿಯಾ ಚೀಲ, 50 ಕಿಲೋ ಸಿಮೆಂಟಿನದು, 25 ಕಿಲೋ ಅಕ್ಕಿಯದು. ಇವುಗಳ ಮರುಬಳಕೆಯನ್ನು ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಮಳೆ ಬಂದಾಗ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತಳ್ಳಿ ತಲೆಗೆ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುವುದು ಎಷ್ಟು ವರ್ಷಗಳ ಅಭ್ಯಾಸ! ಪೇಟೆಯವರು ಇದರಿಂದ ಮಾಡಿಕೊಳ್ಳಬೇಕಾದ್ದು ಸಂತೆಚೀಲ. ಗೊಬ್ಬರದ ಚೀಲ ತೊಳೆದಷ್ಟೂ ಉಪ್ಪಿನಂತೆ ಬಿಳಿ ಬಿಡುತ್ತದೆ, ಅದನ್ನು ತರಕಾರಿಗೆ ಬಳಸಬೇಡಿ, ಅಕ್ಕಿ ಚೀಲ ತೆಗೆದುಕೊಳ್ಳಿ. ಕೆಳಗಿನ ಹೊಲಿಗೆ ಹಾಗೇ ಇರಲಿ. ತಳದಿಂದ 50 ಸೆಂಟಿಮೀಟರಿಗೆ ಕತ್ತರಿಸಿ, ಬಾಯನ್ನು ಎರಡು ಮಡಿಕೆಯಾಗಿ 5 ಸೆಂಟಿಮೀಟರ್ ಒಳಕ್ಕೆ ತಿರುವಿ. ಕತ್ತರಿಸಿ ಉಳಿದ ಮೇಲ್ಭಾಗದಿಂದ 8 ಸೆಂಟಿಮೀಟರ್ ಅಗಲ, 60 ಉದ್ದದ ಎರಡು ಪಟ್ಟಿ ತೆಗೆದು ನಾಲ್ಕು ಪದರಕ್ಕೆ ಮಡಚಿದರೆ ಹಿಡಿಕೆ ಸಿದ್ಧ. ಒಳಗಿನಿಂದ ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು 6 ಸೆಂಟಿಮೀಟರ್ ಮೇಲೆ ಅಡ್ಡ ಹೊಲಿದರೆ ಚೀಲ ನೆಲದ ಮೇಲೆ ನೆಟ್ಟಗೆ ಕೂರುತ್ತದೆ.

ಹೊಲಿಗೆ ಮಷೀನಿಗೆ 16 ಅಥವಾ 18ನೇ ನಂಬರಿನ ಸೂಜಿ ಹಾಕಿ, ಪಾಲಿಯೆಸ್ಟರ್ ದಾರ ಬಳಸಿ, ಹೊಲಿಗೆಯ ಅಳತೆಯನ್ನು 4 ಮಿಲಿಮೀಟರಿಗೆ ಇಡಿ. ಬಟ್ಟೆಗೆ ಹಾಕುವ ಹಾಗೆ ಚಿಕ್ಕ ಚಿಕ್ಕ ಹೊಲಿಗೆ ಹಾಕಿದರೆ ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಾಗಿ, ಮೊದಲ ಸಲ ಎರಡು ಕಿಲೋ ಟೊಮೇಟೊ ಹಾಕಿದಾಗಲೇ ಆ ಗೆರೆಗೆ ಸರಿಯಾಗಿ ಹರಿಯುತ್ತದೆ. ಮಷೀನು ಇಲ್ಲದವರು ದಬ್ಬಳ ಹಿಡಿದು ಹೊಲಿಯಬಹುದು, ಇನ್ನೂ ಗಟ್ಟಿ. ಕತ್ತರಿಸಿದ ಅಂಚಿನಿಂದ ಎಳೆ ಬಿಡುವುದನ್ನು ತಡೆಯಲು ಮೇಣದಬತ್ತಿಗೆ ಹಿಡಿಯುವವರಿದ್ದಾರೆ. ಅದಕ್ಕಿಂತ ಎರಡು ಮಡಿಕೆ ಹಾಕಿ ಹೊಲಿಯುವುದೇ ಲೇಸು, ಸುಟ್ಟ ಅಂಚು ಗರಗರ ಎಂದು ಕೈ ಗೀರುತ್ತದೆ. ಇನ್ನೊಂದು ಮಾತು: ಈ ಚೀಲಗಳಿಗೆ ಬಿಸಿಲು ಆಗದು. ಕೊಟ್ಟಿಗೆಯ ಮೇಲೆ ಹೊದಿಸಿಟ್ಟರೆ ಕೆಲವು ತಿಂಗಳಲ್ಲೇ ಎಳೆಗಳು ಪುಡಿಯಾಗಿ ಉದುರುತ್ತವೆ, ಆ ಪುಡಿ ಗದ್ದೆಯ ಮಣ್ಣು ಸೇರಿದರೆ ಆರಿಸಿ ತೆಗೆಯಲು ಯಾರಿಂದಲೂ ಆಗದು. ನೆರಳಿನ ಕೆಲಸಕ್ಕೆ ಮಾತ್ರ ಬಳಸಿ.

ಕ್ಯಾನುಗಳ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳಲೇಬೇಕು. ಅಡುಗೆ ಎಣ್ಣೆಯ 5 ಲೀಟರ್ ಕ್ಯಾನನ್ನು ಹಿಡಿಕೆ ಉಳಿಸಿ ಓರೆಯಾಗಿ ಕತ್ತರಿಸಿದರೆ ರಾಗಿ, ಭತ್ತ ಮೊಗೆಯಲು ಒಳ್ಳೆಯ ಮೊಗೆಗೋರೆಯಾಗುತ್ತದೆ. ಅದೇ ಆಕಾರದ ಕೀಟನಾಶಕದ, ಕಳೆನಾಶಕದ ಕ್ಯಾನನ್ನು ಮಾತ್ರ ಏನಕ್ಕೂ ಬಳಸಬಾರದು, ಬಚ್ಚಲಿಗೆ ನೀರು ತುಂಬಲಿಕ್ಕೂ, ಮಕ್ಕಳ ಆಟಕ್ಕೂ. ಔಷಧಿಯ ಅಂಶ ಪ್ಲಾಸ್ಟಿಕ್ಕಿನ ಮೈಯೊಳಕ್ಕೇ ಇಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೂರು ಸಲ ಕಲಕಿ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಯಾರೂ ಮತ್ತೆ ಬಳಸದಂತೆ ಕ್ಯಾನಿಗೆ ತೂತು ಹೊಡೆದು ಬೇರೆಯಾಗಿಡುವುದೇ ಸರಿ.

ಪೆಟ್ ಬಾಟಲಿಗೆ ದಾರಿ ಇದೆ ಎಂದ ಮೇಲೂ ಎರಡು ಕೆಲಸಕ್ಕೆ ಅದನ್ನು ತಡೆದು ನಿಲ್ಲಿಸಬಹುದು. ಒಂದು, ಕಟ್ಟುವ ಪಟ್ಟಿ. ಒಂದು ಲೀಟರಿನ ನುಣುಪಾದ ಬಾಟಲಿಯ ತಳ ತೆಗೆದು, ಬ್ಲೇಡಿಗೆ ಬಾಟಲಿಯ ಅಂಚನ್ನು ಒಡ್ಡಿ ತಿರುಗಿಸುತ್ತಾ ಎಳೆದರೆ ಒಂದೇ ಎಳೆಯಾಗಿ ಪಟ್ಟಿ ಬರುತ್ತದೆ. ಸುತ್ತಳತೆ ಸುಮಾರು 25 ಸೆಂಟಿಮೀಟರ್, ನೇರವಾದ ಭಾಗ 15 ಸೆಂಟಿಮೀಟರ್ ಇದ್ದರೆ 5 ಮಿಲಿಮೀಟರ್ ಅಗಲದಲ್ಲಿ ಏಳೂವರೆ ಮೀಟರ್. ಬ್ಲೇಡನ್ನು ಮರದ ತುಂಡಿಗೆ ಎರಡು ಬೋಲ್ಟಿನಿಂದ ಬಿಗಿದು, ಮರಕ್ಕೂ ಬ್ಲೇಡಿಗೂ ನಡುವೆ 5 ಮಿಲಿಮೀಟರ್ ದಪ್ಪದ ವಾಷರುಗಳನ್ನು ಇಟ್ಟರೆ ಅಗಲ ಏರುಪೇರಾಗುವುದಿಲ್ಲ. ಈ ಪಟ್ಟಿಯನ್ನು ಸಡಿಲಾದ ಕುಡುಗೋಲಿನ ಹಿಡಿಗೋ ಪೊರಕೆಯ ಕಟ್ಟಿಗೋ ಬಿಗಿಯಾಗಿ ಸುತ್ತಿ, ತುದಿಯನ್ನು ಸುತ್ತಿನ ಕೆಳಗೆ ಸಿಕ್ಕಿಸಿ, ಕುದಿಯುವ ನೀರು ಸುರಿಯಿರಿ. ಬಾಟಲಿಯನ್ನು ಕಾರ್ಖಾನೆಯಲ್ಲಿ ಹಿಗ್ಗಿಸಿ ಊದಿ ಮಾಡಿರುತ್ತಾರೆ. ಸುಮಾರು 75 ಡಿಗ್ರಿ ದಾಟಿದ ಕೂಡಲೇ ಅದು ತನ್ನ ಹಳೆಯ ಅಳತೆಗೆ ಮರಳಲು ನೋಡುತ್ತದೆ, ಕುಗ್ಗಿ ಕಬ್ಬಿಣದ ಪಟ್ಟಿಯಂತೆ ಹಿಡಿಯುತ್ತದೆ. ಹಣ್ಣಿನ ರಸದ ದಪ್ಪ ಬಾಟಲಿಯಲ್ಲಿ ಇದು ಅಷ್ಟು ಚೆನ್ನಾಗಿ ಬರುವುದಿಲ್ಲ. ಬಿಸಿ ರಸ ತುಂಬಿದರೂ ಕುಗ್ಗದಂತೆ ಅದನ್ನು ಮೊದಲೇ ಹದ ಮಾಡಿರುತ್ತಾರೆ.

ಎರಡನೆಯದು ತಾನೇ ನೀರು ಕುಡಿಯುವ ಕುಂಡ, ನಾಲ್ಕು ದಿನ ಊರಿಗೆ ಹೋಗುವವರ ದೊಡ್ಡಪತ್ರೆ, ಕೊತ್ತಂಬರಿಗೆ. ಬಾಟಲಿಯನ್ನು ಮೇಲಿನಿಂದ 12 ಸೆಂಟಿಮೀಟರಿಗೆ ಕತ್ತರಿಸಿ, ಮುಚ್ಚಳದಲ್ಲಿ 8 ಮಿಲಿಮೀಟರ್ ತೂತು ಮಾಡಿ, ಹಳೆಯ ಹತ್ತಿ ಪಂಚೆಯ 2 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಅರ್ಧ ಒಳಗೆ ಅರ್ಧ ಹೊರಗೆ ಬರುವಂತೆ ತೂರಿಸಿ. ಮೇಲ್ಭಾಗವನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ, ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ತುಂಬಿ. ಗಿಡ ಒಣಗಿತು ಎಂದರೆ ಹತ್ತರಲ್ಲಿ ಒಂಬತ್ತು ಸಲ ಬತ್ತಿ ಟೆರಿಕಾಟಿನದಾಗಿರುತ್ತದೆ, ಅದು ಹತ್ತಿಯಷ್ಟು ಚೆನ್ನಾಗಿ ನೀರನ್ನು ಮೇಲಕ್ಕೆ ಎಳೆಯುವುದಿಲ್ಲ. ಮೊದಲ ಸಲ ಮೇಲಿನಿಂದಲೇ ನೀರು ಹಾಕಿ ಬತ್ತಿ ನೆನೆಸುವುದನ್ನೂ ಮರೆಯಬಾರದು. ನೀರು ಹಸಿರಾಗದಿರಲು ಹೊರಗೆ ಬಟ್ಟೆ ಸುತ್ತಿ. ಮುಖ್ಯವಾಗಿ, ಎರಡು ಭಾಗದ ನಡುವಿನ ಸಂದನ್ನು ಬಟ್ಟೆ ತುರುಕಿ ಮುಚ್ಚಿ, ವಾರಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ತಿಳಿನೀರೇ ಬೇಕು, ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಕತ್ತರಿಸಿದ ಅಂಚು ಕೈ ಕೊಯ್ಯದಂತೆ ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ ಬಟರ್ ಪೇಪರ್ ಹಾಸಿ ಅಂಚನ್ನು ಎರಡು ಮೂರು ಸೆಕೆಂಡು ಒತ್ತಿ, ಒಳಕ್ಕೆ ಸುರುಟಿಕೊಂಡು ನುಣುಪಾಗುತ್ತದೆ.

ಹಾಲಿನ ಕವರಿನ ಕಾಲೊರಸು ನೋಡಲು ಚೆಂದ. ಎರಡೂ ಅಂಟು ಕತ್ತರಿಸಿ, ಎರಡೂವರೆ ಸೆಂಟಿಮೀಟರ್ ಅಗಲದ ಬಳೆಗಳಾಗಿ ಕೊಯ್ದು, ರಬ್ಬರ್‌ಬ್ಯಾಂಡ್ ಸೇರಿಸುವ ಹಾಗೆ ಒಂದಕ್ಕೊಂದು ಗಂಟಿಕ್ಕಿ ಉಂಡೆ ಮಾಡಿಕೊಂಡು 8 ಮಿಲಿಮೀಟರಿನ ಕ್ರೋಶ ಕಡ್ಡಿಯಲ್ಲಿ ಹೆಣೆಯುತ್ತಾರೆ. ಅರ್ಧ ಲೀಟರಿನ ಒಂದು ಕವರಿಗೆ ಮುಕ್ಕಾಲು ಮೀಟರ್ ದಾರ ಸಿಗುತ್ತದೆ. 40 ಸೆಂಟಿಮೀಟರ್ ಅಗಲ, 60 ಉದ್ದದ ಕಾಲೊರಸಿಗೆ ನೂರೈವತ್ತರಿಂದ ಇನ್ನೂರು ಕವರು. ದಿನಕ್ಕೆ ಎರಡು ತರುವ ಮನೆಯಲ್ಲಿ ಮೂರು ತಿಂಗಳ ಕೂಡಿಕೆ. ಗಂಟನ್ನು ಜೋರಾಗಿ ಎಳೆದರೆ ಕವರು ಹಿಗ್ಗಿ ಅಲ್ಲೇ ತುಂಡಾಗುತ್ತದೆ, ಸಾವಕಾಶವಾಗಿ ಕೂರಿಸಬೇಕು. ಬಚ್ಚಲ ಬಾಗಿಲಿಗೆ ಇದು ಒಳ್ಳೆಯದು, ನೀರು ಹೀರದೆ ಬೇಗ ಒಣಗುತ್ತದೆ. ಒಂದು ಮನೆಗೆ ಒಂದೆರಡು ಸಾಕು, ಉಳಿದ ಕವರು ತಕ್ಕಡಿಗೇ ಹೋಗಲಿ.

ಮುಚ್ಚಳ ಕರಗಿಸಿ ಹಲಗೆ ಮಾಡುವ ಬಗ್ಗೆ ಬಹಳ ಜನಕ್ಕೆ ಆಸೆ. ಲೆಕ್ಕ ಸುಲಭ: 10 ಸೆಂಟಿಮೀಟರ್ ಚೌಕ, 6 ಮಿಲಿಮೀಟರ್ ದಪ್ಪದ ಲೋಟದಡಿಯ ಬಿಲ್ಲೆಗೆ 57 ಗ್ರಾಂ ಎಚ್‌ಡಿಪಿಇ, ಅಂದರೆ ತಲಾ ಎರಡು ಗ್ರಾಮಿನ ಇಪ್ಪತ್ತೊಂಬತ್ತು ಮುಚ್ಚಳ. ಕೆಲಸ ಸುಲಭವಲ್ಲ. ಎಚ್‌ಡಿಪಿಇ ಕರಗುವುದು 130 ಡಿಗ್ರಿ ಆಸುಪಾಸಿನಲ್ಲಿ, ಪಿಪಿ 160ರ ಮೇಲೆ. ಎರಡೂ ಬೆರೆತರೆ ಬಿಲ್ಲೆ ಪದರ ಪದರವಾಗಿ ಬಿಡುತ್ತದೆ. ಮುಚ್ಚಳದೊಳಗಿನ ಮೆತ್ತನೆಯ ಬಿಲ್ಲೆ ತೆಗೆಯದಿದ್ದರೆ, ನೀರಿನ ಪಸೆ ಉಳಿದಿದ್ದರೆ ಗುಳ್ಳೆ. ತಣ್ಣಗಾಗುವಾಗ ಎರಡು ಮೂರು ಪರ್ಸೆಂಟ್ ಕುಗ್ಗುವುದರಿಂದ ಎರಡು ಕಬ್ಬಿಣದ ತಗಡಿನ ನಡುವೆ ಕ್ಲಾಂಪ್ ಹಾಕಿ ಪೂರ್ತಿ ಆರುವ ತನಕ ಬಿಡಬೇಕು, ಅವಸರದಲ್ಲಿ ಬಿಚ್ಚಿದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅಡುಗೆಯ ಓವನ್ನಿನಲ್ಲಿ ಇದನ್ನು ಮಾಡಲೇಬಾರದು. ಬೇರೆಯೇ ಓವನ್, ಗಾಳಿಯಾಡುವ ಶೆಡ್ಡು, ಹೊಗೆ ಕಂಡ ಕ್ಷಣ ಆರಿಸುವ ಎಚ್ಚರ ಮೂರೂ ಇದ್ದವರಿಗೆ ಮಾತ್ರ. ಗಂಭೀರವಾಗಿ ಕಲಿಯುವವರಿಗೆ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಸಂಸ್ಥೆಯ ಕೇಂದ್ರ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೇ ಇದೆ.

ಮುಚ್ಚಳವನ್ನು ಕರಗಿಸದೆ ಬಳಸುವ ದಾರಿ ಆಟಿಕೆ. ಬೆಂಗಳೂರು ರಸ್ತೆಯ ಚನ್ನಪಟ್ಟಣದ ಬೊಂಬೆಯೊಂದನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿ ನೋಡಿ, ಎಲ್ಲೂ ಚೂಪು ಸಿಗುವುದಿಲ್ಲ. ಮಗು ಬಾಯಿಗಿಡುತ್ತದೆ ಎಂದು ತಿಳಿದೇ ಕಡೆದದ್ದು ಅದು. ಕಸದಿಂದ ಮಾಡಿದ ಆಟಿಕೆಗೂ ಅಳತೆಗೋಲು ಅದೇ. ಆಟಿಕೆ ಪರೀಕ್ಷಿಸುವವರು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಇಳಿಯುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಬಹುದು. ನೀರಿನ ಬಾಟಲಿಯ ಮುಚ್ಚಳ ಸುಮಾರು 30 ಮಿಲಿಮೀಟರ್, ಇಳಿಯುತ್ತದೆ. ಆದ್ದರಿಂದ ಮುಚ್ಚಳದ ಆಟಿಕೆಗಳೆಲ್ಲ ಮೂರು ತುಂಬಿದ ಮೇಲೆ. ಮಾರುವ ಯೋಚನೆ ಇದ್ದವರು, 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದನ್ನೂ ನೆನಪಿಡಬೇಕು.

ಗಾಡಿ ಮಾಡಲು 200 ಮಿಲಿಲೀಟರಿನ ಶಾಂಪೂ ಬಾಟಲಿ, ಒಂದೇ ಅಳತೆಯ ನಾಲ್ಕು ಮುಚ್ಚಳ, 2 ಮಿಲಿಮೀಟರಿನ ಹಳೆಯ ಸೈಕಲ್ ಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಹವಾಯಿ ಚಪ್ಪಲಿಯ ಚೂರು. ಗಾಲಿ ಓಲಾಡುವುದಕ್ಕೆ ಕಾರಣ ತೂತು ನಡುವಿನಲ್ಲಿ ಇಲ್ಲದಿರುವುದು. ನಡುವನ್ನು ಅಳೆಯಬೇಕಾಗಿಯೇ ಇಲ್ಲ. ಹೆಚ್ಚಿನ ಮುಚ್ಚಳಗಳ ನೆತ್ತಿಯಲ್ಲಿ, ಅಚ್ಚಿಗೆ ಪ್ಲಾಸ್ಟಿಕ್ ಹರಿದು ಬಂದ ಜಾಗದಲ್ಲಿ ಒಂದು ಚಿಕ್ಕ ಚುಕ್ಕೆ ಇರುತ್ತದೆ, ಅದೇ ನಡು. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ತೂತಿನ ಸುತ್ತ ಉಬ್ಬು ಬಂದು ಗಾಲಿ ಓರೆಯಾಗುತ್ತದೆ. ಮರದ ತುಂಡಿನ ಮೇಲಿಟ್ಟು ತಣ್ಣನೆಯ ಮೊಳೆಯಿಂದ ಹೊಡೆಯುವುದು ಅಥವಾ ಡ್ರಿಲ್ ಬಳಸುವುದು ಮೇಲು. ನಿಯಮ ಒಂದೇ: ಗಾಲಿಯಲ್ಲಿ ಬಿಗಿ, ಮೈಯಲ್ಲಿ ಸಡಿಲ. ಮುಚ್ಚಳದ ತೂತು ಕಡ್ಡಿಗಿಂತ ತುಸು ಚಿಕ್ಕದು, ಬಾಟಲಿಯ ತೂತು 3 ಮಿಲಿಮೀಟರ್. ಎರಡೂ ಕಡೆ ಬಿಗಿಯಾದರೆ ಗಾಡಿ ತೆವಳುತ್ತದೆ, ಎರಡೂ ಕಡೆ ಸಡಿಲವಾದರೆ ಗಾಲಿ ಕಳಚುತ್ತದೆ. ಬಾಟಲಿಯ ಸುತ್ತ ಕಾಗದದ ಪಟ್ಟಿ ಸುತ್ತಿ ಎರಡೂ ಬದಿಯ ತೂತುಗಳನ್ನು ಒಂದೇ ಎತ್ತರಕ್ಕೆ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಗಾಡಿ ಒಂದೇ ಕಡೆಗೆ ತಿರುಗುತ್ತಿರುತ್ತದೆ. ನುಣುಪು ನೆಲದ ಮೇಲೆ ಮುಚ್ಚಳ ಜಾರುತ್ತದೆ. 8 ಮಿಲಿಮೀಟರ್ ಅಗಲಕ್ಕೆ ಕೊಯ್ದ ಸೈಕಲ್ ಟ್ಯೂಬಿನ ಬಳೆಯನ್ನು ಮುಚ್ಚಳಕ್ಕೆ ಎಳೆದು ಹಾಕಿದರೆ ಗೋಂದಿಲ್ಲದೆ ಕೂರುವ ಟೈರು. ಕಡ್ಡಿಯ ತುದಿಗೆ ಚಪ್ಪಲಿಯ ಚೂರು ಚುಚ್ಚಿ ಚೂಪು ಮುಚ್ಚಿ.

ಬುಗುರಿಗೆ ಉಪ್ಪಿನಕಾಯಿ ಡಬ್ಬಿಯ ಅಗಲವಾದ ಮುಚ್ಚಳವೇ ಆಗಬೇಕು, ಭಾರ ಅಂಚಿನಲ್ಲಿದ್ದಷ್ಟೂ ಹೆಚ್ಚು ಹೊತ್ತು ಸುತ್ತುತ್ತದೆ. ನಡುವಿಗೆ ಪೆನ್ಸಿಲ್ ಮೋಟು ತೂರಿಸಿ, ಮೊನೆ ಮುಚ್ಚಳದ ಕೆಳಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿಯದಿರಲಿ, ಎತ್ತರವಾದರೆ ತಲೆ ತೂಗಿ ಬೇಗ ಬೀಳುತ್ತದೆ. ಚೌಕಾಬಾರಕ್ಕೆ ನಾಲ್ಕು ಬಣ್ಣದ ನಾಲ್ಕು ನಾಲ್ಕು ಮುಚ್ಚಳ, ಹದಿನಾರು ಕಾಯಿ ಆಯಿತು. ಅಕ್ಕಿ ಚೀಲದ ತುಂಡಿನ ಮೇಲೆ ಐದೈದು ಮನೆ ಗೆರೆ ಎಳೆದರೆ ಸುತ್ತಿಡಬಹುದಾದ ಹಾಸು. ಅಳಗುಳಿ ಮಣೆಗೆ ಬಾಟಲಿಯ ತಳ ಕತ್ತರಿಸುವವರಿದ್ದಾರೆ, ತಂಪು ಪಾನೀಯದ ಬಾಟಲಿಯ ತಳಕ್ಕೆ ಐದು ಕಾಲಿರುವುದರಿಂದ ಆ ಸಂದುಗಳಿಗೆ ಬೀಜ ಸಿಕ್ಕಿಕೊಂಡು ಆಟವೇ ಕೆಡುತ್ತದೆ. 100 ಮಿಲಿಲೀಟರಿನ ಐಸ್‌ಕ್ರೀಂ ಕಪ್ಪು ಸರಿ. ಗಟ್ಟಿ ರಟ್ಟಿನಲ್ಲಿ ಏಳರಂತೆ ಎರಡು ಸಾಲು ತೂತು ಕೊರೆದು, ಕಪ್ಪಿನ ಕಂಠ ತೂತಿನ ಅಂಚಿಗೆ ನಿಲ್ಲುವಂತೆ ಇಳಿಬಿಡಿ. ಗುಳಿಗೆ ಐದರಂತೆ ಎಪ್ಪತ್ತು ಹುಣಸೆ ಬೀಜ ಬೇಕು. ಗುಲಗಂಜಿ ಚೆಂದ ಕಾಣುತ್ತದೆಂದು ಇಡಬೇಡಿ, ಮಗು ಅಗಿದರೆ ಅದು ವಿಷ.

ಇವೆಲ್ಲಕ್ಕೂ ಮೈಸೂರಿನಲ್ಲಿ ಒಂದು ಹಬ್ಬದ ಜಾಗವಿದೆ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಿದ್ದರೆ, ಕೆಳಗೆ ನೆಲದ ಮೇಲೆ ಮಕ್ಕಳು ಪಾರ್ಕು, ಮೃಗಾಲಯ, ಸಂತೆ ಮಾಡುತ್ತಾರೆ. ಮುಚ್ಚಳದ ಗಾಡಿಗಳು ಓಡಬೇಕಾದ ರಸ್ತೆ ಅದೇ. ಪಾರ್ಕಿನ ಹುಲ್ಲಿಗೆ ರಾಗಿ ಪೈರು ಬೇಕಲ್ಲ, ಅದಕ್ಕೆ ಗುಜರಿಯವರು ಖಂಡಿತ ಮುಟ್ಟದ ಬಿಸ್ಕತ್ತಿನ ಟ್ರೇ. ಪ್ರತಿ ಅಂಕಣಕ್ಕೂ ದಪ್ಪ ಸೂಜಿಯಿಂದ ಎರಡು ಮೂರು ತೂತು ಚುಚ್ಚಿ, ಎರಡು ಸೆಂಟಿಮೀಟರ್ ಜರಡಿ ಹಿಡಿದ ಮಣ್ಣು ಹಾಕಿ, ಒಂದು ರಾತ್ರಿ ನೆನೆಸಿದ ರಾಗಿಯನ್ನು ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಪಾಡ್ಯಕ್ಕೆ ವಾರ ಮೊದಲು ಬಿತ್ತಿದರೆ ಗೊಂಬೆ ಕೂರಿಸುವ ಹೊತ್ತಿಗೆ ಹಸಿರು ಕಾಣುತ್ತದೆ. ಸುರಿಯುವ ನೀರು ಬೇಡ, ಕೈಯಿಂದ ಚಿಮುಕಿಸಬೇಕು, ಹೆಚ್ಚಾದರೆ ಬುಡದಲ್ಲಿ ಬೂಸಲು. ಕತ್ತಲ ಮೂಲೆಯಲ್ಲಿಟ್ಟರೆ ಪೈರು ಬೆಳ್ಳಗೆ ಉದ್ದವಾಗಿ ಬಾಗುತ್ತದೆ, ಹಗಲು ಕಿಟಕಿಯ ಬಳಿ ಇಟ್ಟು ಸಂಜೆ ಆರತಿಯ ಹೊತ್ತಿಗೆ ತಂದಿಡಿ. ವಿಜಯದಶಮಿ ಕಳೆದ ಮೇಲೆ ಪೈರನ್ನು ಬೇರುಮಣ್ಣಿನ ಸಮೇತ ಗಿಡಗಳ ಬುಡಕ್ಕೆ ಕೊಡವಿ, ಟ್ರೇಗಳನ್ನು ತೊಳೆದು ಒಂದರೊಳಗೊಂದು ಸೇರಿಸಿ, ಗೊಂಬೆಯ ಪೆಟ್ಟಿಗೆಯಲ್ಲೇ ಮುಂದಿನ ವರ್ಷಕ್ಕೆ ಎತ್ತಿಡಿ.